ಬಿಟ್ಟ ಮೂರು ಡಿಗ್ರಿ ಯಾರದು?

ಟರ್ಬೊ ಪೆಟ್ರೋಲ್ ಕಾರು ಇಟ್ಕೊಂಡಿರೋ ನಾಲ್ಕು ಜನ ಸೇರಿದ ಕಡೆ ಒಂದು ಮಾತು ಬಂದೇ ಬರುತ್ತೆ: "ಕಂಪನಿಯವರು ಈ ಎಂಜಿನ್ನಲ್ಲಿ ಸಿಕ್ಕಾಪಟ್ಟೆ ಪವರ್ ಹಾಗೇ ಬಿಟ್ಟಿದ್ದಾರೆ ಗುರು." ಮಾತು ಸುಳ್ಳಲ್ಲ. ಒಂದು ಲ್ಯಾಪ್‌ಟಾಪು, ಒಂದು ಕೇಬಲ್ಲು, ಅರ್ಧ ದಿನ ಇದ್ರೆ ಎಂಜಿನ್ನಿನ ಕಂಪ್ಯೂಟರ್ ಒಳಗಿರೋ ಕೋಷ್ಟಕಗಳನ್ನ ತಿದ್ದಬಹುದು. ಟರ್ಬೊ ಒತ್ತಡ ಒಂಚೂರು ಏರಿಸಿ, ಕಿಡಿ ಹಾರೋ ಕ್ಷಣವನ್ನ ಎರಡು ಮೂರು ಡಿಗ್ರಿ ಮುಂಚೆ ಮಾಡಿ, ವಾಲ್ವ್ ತೆರೆಯೋ ಹೊತ್ತನ್ನ ಸ್ವಲ್ಪ ಸರಿಸಿದ್ರೆ ಸಾಕು. ಒಂದು ಬೋಲ್ಟೂ ಬದಲಿಸದೆ ಕಾರಿನ ಗುಣವೇ ಬದಲಾಗಿಬಿಡುತ್ತೆ. ಇದಕ್ಕೆ 'ಸ್ಟೇಜ್ 1' ಅಂತ ಹೆಸರು.

ಇದನ್ನ ಮಾಡಿಸಿರೋ ನನ್ನ ಸಹೋದ್ಯೋಗಿಯ ವಾದ ಬಹಳ ಸರಳ. "ದುಡ್ಡು ಕೊಟ್ಟಿದ್ದು ನಾನು, ಇಎಂಐ ಕಟ್ತಿರೋದು ನಾನು. ಎಂಜಿನ್ ನಂದು ಅಂದಮೇಲೆ ಅದರೊಳಗೆ ಬಳಸದೆ ಬಿಟ್ಟಿರೋ ಮೂರು ಡಿಗ್ರಿಯೂ ನಂದೇ ತಾನೇ?"

ಈ ಪ್ರಶ್ನೆ ಕಾರಿನದು ಮಾತ್ರ ಅಲ್ಲ ಅಂತ ನನಗನ್ನಿಸುತ್ತೆ. ಬಳಸದೆ ಬಿಟ್ಟಿರೋದು ಯಾರ ಸ್ವತ್ತು? ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಹೊಲ ಇರೋರಿಗೆ ಇದು ಹಳೇ ಪ್ರಶ್ನೆ. ಬದು ನೋಡಿ. ಅದರ ಮೇಲೆ ರಾಗಿ ಬೆಳೆಯಲ್ಲ, ಹೊಗೆಸೊಪ್ಪೂ ಬೆಳೆಯಲ್ಲ. ಉಳೋನ ಕಣ್ಣಿಗೆ ಅದು ದಂಡವಾಗಿ ಬಿದ್ದಿರೋ ಜಾಗ. ವರ್ಷಕ್ಕೆ ಒಂದೊಂದೇ ಸಾಲು ಬದುವಿನ ಕಡೆ ಒತ್ತಿಕೊಂಡು ಉತ್ತರೆ ಯಾರಿಗೂ ಗೊತ್ತಾಗಲ್ಲ, ಫಸಲೂ ಒಂದಿಷ್ಟು ಜಾಸ್ತಿ ಬರುತ್ತೆ. ಹತ್ತು ವರ್ಷ ಕಳೆಯೋ ಹೊತ್ತಿಗೆ ಬದು ಸವೆದು ಗೆರೆಯಾಗಿರುತ್ತೆ. ಆಮೇಲೆ ಒಂದು ರಾತ್ರಿ ಜೋರು ಮಳೆ ಬಂದಾಗ ಮಣ್ಣೂ ಗೊಬ್ಬರವೂ ಕೊಚ್ಚಿಕೊಂಡು ಹೋಗಿ ಕೆಳಗಿನ ಹೊಲದವನ ಪೈರಿನ ಮೇಲೆ ಕೂರುತ್ತೆ. ಬದುವಿನಿಂದ ಏನು ಲಾಭ ಅಂತ ಅವತ್ತು ಗೊತ್ತಾಗುತ್ತೆ. ಆದ್ರೆ ಗೊತ್ತಾಗೋದು ಒತ್ತಿದವನಿಗಲ್ಲ, ಕೆಳಗಿನವನಿಗೆ.

ಎಂಜಿನ್ನಿನ ಆ ಮೂರು ಡಿಗ್ರಿ ಈ ಥರದ ಬದುವೋ, ಇಲ್ಲಾ ನಿಜವಾಗ್ಲೂ ದಂಡದ ಜಾಗವೋ? ಉತ್ತರ ಬೇಕಂದ್ರೆ ಮೊದಲು ಡಿಗ್ರಿ ಅಂದ್ರೇನು ಅಂತ ನೋಡಬೇಕು.

ಪಿಸ್ಟನ್ ಮೇಲೆ ಬಂದು ಗಾಳಿ ಮತ್ತು ಪೆಟ್ರೋಲನ್ನ ಒತ್ತುತ್ತೆ, ಕಿಡಿ ಹಾರುತ್ತೆ, ಬೆಂಕಿ ಪಿಸ್ಟನ್ನನ್ನ ಕೆಳಗೆ ತಳ್ಳುತ್ತೆ. ಶಾಲೆಯಲ್ಲಿ ಓದಿದ್ದು ಇಷ್ಟು. ಅಲ್ಲಿ ಹೇಳದೇ ಇದ್ದ ವಿಷಯ ಏನಂದ್ರೆ ಬೆಂಕಿಗೂ ಹರಡೋಕೆ ಸಮಯ ಬೇಕು. ಎಂಜಿನ್ 3,000 ಆರ್‌ಪಿಎಂನಲ್ಲಿ ತಿರುಗ್ತಾ ಇದ್ರೆ ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಕಿಡಿಯಿಂದ ಶುರುವಾದ ಜ್ವಾಲೆ ಇಡೀ ಕೋಣೆ ತುಂಬೋಕೆ ಅದರಲ್ಲಿ ಎರಡು ಮೂರು ಮಿಲಿಸೆಕೆಂಡ್ ಬೇಕಾಗುತ್ತೆ. ಹಾಗಾಗಿ ಪಿಸ್ಟನ್ ತುದಿ ಮುಟ್ಟೋಕೆ ಮೊದಲೇ ಕಿಡಿ ಕೊಡಬೇಕು. ಎಷ್ಟು ಮೊದಲು ಅನ್ನೋದನ್ನ ಕ್ರ್ಯಾಂಕ್ ತಿರುಗೋ ಡಿಗ್ರಿಯಲ್ಲಿ ಅಳೀತಾರೆ. ಪಿಸ್ಟನ್ ತುದಿ ದಾಟಿ ಸುಮಾರು 15 ಡಿಗ್ರಿ ಕೆಳಗಿಳಿದಾಗ ಒತ್ತಡ ಶಿಖರಕ್ಕೆ ಬಂದ್ರೆ ಅತಿ ಹೆಚ್ಚು ಕೆಲಸ ಸಿಗುತ್ತೆ. ಕಿಡಿ ತೀರಾ ಮೊದಲೇ ಹಾರಿದ್ರೆ ಇನ್ನೂ ಮೇಲಕ್ಕೆ ಬರ್ತಿರೋ ಪಿಸ್ಟನ್ನಿನ ತಲೆಗೇ ಹೊಡೆದ ಹಾಗೆ. ತಡವಾದ್ರೆ ಓಡಿಹೋಗ್ತಿರೋ ಪಿಸ್ಟನ್ನಿನ ಬೆನ್ನು ತಟ್ಟಿದ ಹಾಗೆ: ಶಕ್ತಿಯೆಲ್ಲ ಬಿಸಿಯಾಗಿ ಸೈಲೆನ್ಸರ್ ಕಡೆ ಹೋಗುತ್ತೆ, ದಾರಿಯಲ್ಲಿ ಟರ್ಬೊವನ್ನೂ ಕಾಯಿಸುತ್ತೆ.

ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಎಷ್ಟೋ ಸಲ ಆ ಒಳ್ಳೇ ಜಾಗದವರೆಗೂ ಹೋಗಬಹುದು. ಟರ್ಬೊ ಎಂಜಿನ್ನಿಗೆ, ಅದರಲ್ಲೂ ಪೂರ್ತಿ ಒತ್ತಡದಲ್ಲಿದ್ದಾಗ, ಆ ಭಾಗ್ಯ ಇಲ್ಲ. ಗಾಳಿಯನ್ನ ಒತ್ತಿ ಒತ್ತಿ ತುಂಬಿರೋದರಿಂದ ಒಳಗೆ ಒತ್ತಡವೂ ಹೆಚ್ಚು, ಬಿಸಿಯೂ ಹೆಚ್ಚು. ಜ್ವಾಲೆ ಮೂಲೆ ಮುಟ್ಟೋ ಮೊದಲೇ ಮೂಲೆಯಲ್ಲಿರೋ ಮಿಶ್ರಣ ತನ್ನಷ್ಟಕ್ಕೆ ತಾನೇ ಹೊತ್ತಿಕೊಂಡು ಢಣ್ ಅನ್ನುತ್ತೆ. ಇದೇ ನಾಕಿಂಗ್. ತಗಡಿನ ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದ ಸದ್ದು. ಹಗುರಾಗಿದ್ರೆ ಎಂಜಿನ್ ತಡ್ಕೊಳ್ಳುತ್ತೆ, ಜೋರಾದ್ರೆ ಪಿಸ್ಟನ್ ಒಡೆಯುತ್ತೆ. ಅದಕ್ಕೆ ಟರ್ಬೊ ಎಂಜಿನ್ನಿನ ಟೈಮಿಂಗ್ ಒಳ್ಳೇ ಜಾಗಕ್ಕಿಂತ ಹಿಂದೆ, ನಾಕಿಂಗ್ ಶುರುವಾಗೋ ಗೆರೆಗಿಂತಲೂ ಇನ್ನೊಂದು ಸ್ವಲ್ಪ ಹಿಂದೆ ನಿಂತಿರುತ್ತೆ. ಆ 'ಇನ್ನೊಂದು ಸ್ವಲ್ಪ' ಅನ್ನೋದೇ ನನ್ನ ಗೆಳೆಯನ ಮೂರು ಡಿಗ್ರಿ. 3,000 ಆರ್‌ಪಿಎಂನಲ್ಲಿ ಅದು ಒಂದು ಮಿಲಿಸೆಕೆಂಡಿನ ಆರನೇ ಒಂದು ಭಾಗ.

ಕ್ಯಾಮ್ ಟೈಮಿಂಗ್ ಕತೆ ಇನ್ನೂ ಚೆನ್ನಾಗಿದೆ. ಸಿಲಿಂಡರಿಗೆ ಎರಡು ಬಾಗಿಲು: ಹೊಸ ಗಾಳಿ ಬರೋಕೆ ಒಂದು, ಸುಟ್ಟ ಗಾಳಿ ಹೋಗೋಕೆ ಒಂದು. ಒಂದು ಮುಚ್ಚೋ ಮೊದಲೇ ಇನ್ನೊಂದನ್ನ ತೆರೆದು ಎರಡನ್ನೂ ಸ್ವಲ್ಪ ಹೊತ್ತು ತೆರೆದಿಡ್ತಾರೆ. ಟರ್ಬೊ ಎಂಜಿನ್ ನಿಧಾನಕ್ಕೆ ತಿರುಗ್ತಾ, ಒಳಬರೋ ಗಾಳಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚಿದ್ದಾಗ ಇದರಿಂದ ಬಹಳ ಲಾಭ. ತಂಗಾಳಿ ಬೀಸಿ ಮನೆಯ ಹೊಗೆ ಹಿಂಬಾಗಿಲಿನಿಂದ ಹೋದ ಹಾಗೆ ಸಿಲಿಂಡರ್ ಚೊಕ್ಕಟವಾಗುತ್ತೆ. ಎಂಜಿನ್ ವೇಗ ಏರಿದಾಗ ಲೆಕ್ಕ ತಲೆಕೆಳಗಾಗುತ್ತೆ. ಟರ್ಬೊ ಚಕ್ರಕ್ಕೆ ಅಡ್ಡ ಬಿದ್ದು ಹೊರಗಿನ ಒತ್ತಡವೇ ಹೆಚ್ಚಾಗಿರುತ್ತೆ. ಆಗಲೂ ಎರಡು ಬಾಗಿಲು ತೆರೆದಿಟ್ರೆ ಸುಟ್ಟ ಬಿಸಿ ಗಾಳಿ ವಾಪಸ್ ಒಳಗೆ ನುಗ್ಗಿ ನಾಕಿಂಗಿಗೆ ತಾನೇ ದಾರಿ ಮಾಡಿಕೊಡುತ್ತೆ. ಬಾಗಿಲು ಅದೇ, ತೆರೆದಿಟ್ಟ ಹೊತ್ತೂ ಅಷ್ಟೇ. ಒಂದು ಕಡೆ ಗುಣ, ಇನ್ನೊಂದು ಕಡೆ ದೋಷ. ಅದಕ್ಕೇ ತಿಳಿದವರು ಮೊದಲು ಕ್ಯಾಮ್ ನಿಲ್ಲಿಸಿ, ಆಮೇಲೆ ಕಿಡಿಯ ಜಾಗ ಹೊಸದಾಗಿ ಹುಡುಕ್ತಾರೆ. ಕ್ಯಾಮ್ ಸರಿಸಿ ಕಿಡಿಯನ್ನ ಹಳೇ ಜಾಗದಲ್ಲೇ ಬಿಟ್ರೆ, ಮನೆ ಬದಲಾಯಿಸಿ ಹಳೇ ವಿಳಾಸಕ್ಕೇ ಗ್ಯಾಸ್ ಬುಕ್ ಮಾಡಿದ ಹಾಗೆ.

ನಮ್ಮ ಕಡೆ ಬ್ಯಾರನ್ನಿನಲ್ಲಿ ಸೊಪ್ಪು ಬೇಯಿಸೋರಿಗೆ ಇದನ್ನ ವಿವರಿಸೋದೇ ಬೇಡ. ಮೊದಲು 35 ಡಿಗ್ರಿ ಆಸುಪಾಸಿನ ಹದವಾದ ಬಿಸಿಯಲ್ಲಿ ಎಲೆ ಹಳದಿಗೆ ತಿರುಗಬೇಕು. ಆಮೇಲೆ ಮೆಲ್ಲಗೆ ಏರಿಸ್ತಾ ಹೋಗಿ, ಕೊನೆಗೆ 70ರ ಹತ್ತಿರ ದಂಟು ಒಣಗಿಸಬೇಕು. ಬಣ್ಣ ತಿರುಗೋ ಮೊದಲೇ ಬಿಸಿ ಏರಿಸಿದ್ರೆ ಹಸಿರು ಹಾಗೇ ಕೂತುಬಿಡುತ್ತೆ, ತಡ ಮಾಡಿದ್ರೆ ಎಲೆ ಕಂದುತ್ತೆ. ಬೇಗ ಮಾಡೋದೇ ಜಾಣತನ ಅನ್ನೋದೂ ಸುಳ್ಳು, ನಿಧಾನವೇ ಪ್ರಧಾನ ಅನ್ನೋದೂ ಸುಳ್ಳು. ಗಡಿಯಾರ ನೋಡಿ ಅಲ್ಲ, ಎಲೆ ನೋಡಿ ಬಿಸಿ ಏರಿಸಬೇಕು.

ಸರಿ, ಆ ಮೂರು ಡಿಗ್ರಿ ಒಳಗೆ ಯಾರ್ಯಾರಿದ್ದಾರೆ ಅಂತ ಈಗ ನೋಡೋಣ. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ಸಿಗ್ನಲ್ಲಿನಲ್ಲಿ ಎ.ಸಿ. ಹಾಕ್ಕೊಂಡು ನಿಂತಿರೋರು ಇದ್ದಾರೆ. ಐದು ಜನ, ಡಿಕ್ಕಿ ತುಂಬ ಸಾಮಾನು ತುಂಬ್ಕೊಂಡು ಮಡಿಕೇರಿ ಘಾಟಿಯನ್ನ ದೊಡ್ಡ ಗೇರಿನಲ್ಲೇ ಎಳೆಸ್ತಾ ಹತ್ತೋರು ಇದ್ದಾರೆ. ಯಾವುದೋ ಬಂಕಿನ ಅನುಮಾನದ ಪೆಟ್ರೋಲ್ ಇದೆ. 80,000 ಕಿಲೋಮೀಟರ್ ಓಡಿ ಪಿಸ್ಟನ್ ತಲೆ ಮೇಲೆ ಕಟ್ಟಿರೋ ಕಪ್ಪು ಇದೆ. ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ಹುಟ್ಟಿದ ಎರಡು ಎಂಜಿನ್ನುಗಳ ನಡುವಿನ ಕೂದಲೆಳೆ ವ್ಯತ್ಯಾಸ ಇದೆ. ಆಯಿಲ್ ಬದಲಿಸೋದನ್ನ ಮುಂದೂಡೋ ಮೂರನೇ ಮಾಲೀಕ ಇದ್ದಾನೆ. ಟೈಮಿಂಗ್ ಕೋಷ್ಟಕ ಬರೆದ ಎಂಜಿನಿಯರಿಗೆ ಇವರಲ್ಲಿ ಒಬ್ಬರೂ ಪರಿಚಯ ಇಲ್ಲ. ಯಾವ ಕಾರು ಯಾರ ಮನೆ ಸೇರುತ್ತೋ ಅದೂ ಗೊತ್ತಿಲ್ಲ. ಹಾಗಾಗಿ ಎಲ್ಲರ ಪಾಲೂ ಸೇರಿಸಿ ಒಂದಿಷ್ಟು ಜಾಗ ಬಿಟ್ಟ. ಮುಖ ನೋಡದೇ ಇರೋ ಜನಕ್ಕೆ ತೋರಿಸಿದ ಮರ್ಯಾದೆ ಅದು.

ಇದಕ್ಕೆ ಎರಡು ಒಳ್ಳೇ ಆಕ್ಷೇಪ ಇವೆ. ಎರಡನ್ನೂ ನನ್ನ ಗೆಳೆಯ ಎತ್ತಿದ್ದಾನೆ.

ಒಂದನೇದು: "ನಾಕ್ ಸೆನ್ಸರ್ ಇದೆಯಲ್ಲ!" ನಿಜ. ಎಂಜಿನ್ ಬ್ಲಾಕಿಗೆ ಕಿವಿ ಹಚ್ಚಿ ಕೂತಿರೋ ಒಂದು ಪುಟ್ಟ ಸಾಧನ ಅದು. ಢಣ್ ಅಂತ ಕೇಳಿಸಿದ ಕೂಡಲೇ ಕಂಪ್ಯೂಟರ್ ಆ ಟೈಮಿಂಗನ್ನ ತಟ್ಟನೆ ಹಿಂದಕ್ಕೆ ಎಳೆಯುತ್ತೆ. ಆಮೇಲೆ ಸದ್ದಿಲ್ಲ ಅಂತ ಖಾತ್ರಿಯಾದ ಮೇಲೆ ಚೂರು ಚೂರೇ ವಾಪಸ್ ಕೊಡುತ್ತೆ. ಹಿಂದೆ ಸರಿಯೋದು ಒಂದೇ ಏಟಿಗೆ, ಮುಂದೆ ಹೋಗೋದು ಅಳುಕುತ್ತಾ ಅಳುಕುತ್ತಾ. ನಾನು ನೋಡಿರೋ ಅತ್ಯಂತ ವಿವೇಕದ ಸಾಫ್ಟ್‌ವೇರುಗಳಲ್ಲಿ ಇದೂ ಒಂದು.

ಆದ್ರೆ ಸೆನ್ಸರಿಗೆ ಕೇಳಿಸೋದು ಏಟು ಬಿದ್ದ ಮೇಲೆ. ಹಗುರ ಏಟಾದ್ರೆ ಪರವಾಗಿಲ್ಲ. ಚಿಕ್ಕ ಟರ್ಬೊ ಎಂಜಿನ್ನುಗಳಿಗೆ ಇನ್ನೊಂದು ಕಾಯಿಲೆ ಇದೆ: ನಿಧಾನಕ್ಕೆ ಹೋಗ್ತಾ ಜೋರು ಎಳೆಸಿದಾಗ, ಕಿಡಿ ಹಾರೋ ಮೊದಲೇ ಒಂದು ಆಯಿಲ್ ಹನಿಯೋ ಮಸಿ ಚೂರೋ ಹೊತ್ತಿಕೊಂಡುಬಿಡೋದು. ಕಿಡಿಯೇ ಇನ್ನೂ ಬಂದಿಲ್ಲ ಅಂದಮೇಲೆ ಕಿಡಿಯನ್ನ ಹಿಂದೆ ಸರಿಸಿ ಏನು ಪ್ರಯೋಜನ? ಅಲ್ಲಿ ಕಾಪಾಡೋದು ಮೊದಲೇ ಬಿಟ್ಟಿದ್ದ ಜಾಗ ಮಾತ್ರ.

ಎಚ್.ಡಿ. ಕೋಟೆಯ ಕಬಿನಿ ಅಣೆಕಟ್ಟೆಯ ಮುಂದೆ ಪ್ರತಿ ಮುಂಗಾರಿನಲ್ಲೂ ಇದೇ ಪ್ರಶ್ನೆ ನಿಂತಿರುತ್ತೆ. ಪೂರ್ಣ ಮಟ್ಟ 2,284 ಅಡಿ. ಬೇಗ ತುಂಬಿಸಿಕೊಂಡ್ರೆ ಬೇಸಿಗೆಗೆ ಧೈರ್ಯ. ಆದ್ರೆ ತುಂಬಿದ ಮೇಲೆ ವಯನಾಡಿನಲ್ಲಿ ಸುರಿದದ್ದನ್ನೆಲ್ಲ ಹಾಗೇ ಕೆಳಗೆ ಬಿಡಬೇಕು. 2019ರ ಆಗಸ್ಟ್‌ನಲ್ಲಿ ಹೊರಹರಿವು ಲಕ್ಷ ಕ್ಯೂಸೆಕ್ ದಾಟಿದಾಗ ನಂಜನಗೂಡಿನ ತಗ್ಗು ಪ್ರದೇಶಕ್ಕೆ ನೀರು ನುಗ್ಗಿ, ಮೈಸೂರು ನಂಜನಗೂಡು ರಸ್ತೆ ಬಂದ್ ಆಗಿತ್ತು. ನೀರು ಎಷ್ಟು ಬರ್ತಿದೆ ಅಂತ ಅಳೆಯೋ ಮೀಟರ್ ಎಷ್ಟೇ ಚೆನ್ನಾಗಿರಲಿ, ಖಾಲಿ ಇರೋ ಜಾಗದ ಕೆಲಸವನ್ನ ಅದು ಮಾಡಲ್ಲ.

ಎರಡನೇ ಆಕ್ಷೇಪ ಇನ್ನೂ ಗಟ್ಟಿ: "ಕಂಪನಿ ಬಿಟ್ಟಿರೋದೆಲ್ಲ ಧರ್ಮಕ್ಕಲ್ಲ ಗುರು. ಒಂದೇ ಎಂಜಿನ್ನನ್ನ ಒಂದು ಕಾರಿಗೆ ಕಮ್ಮಿ ಪವರ್, ದುಬಾರಿ ಕಾರಿಗೆ ಜಾಸ್ತಿ ಪವರ್ ಅಂತ ಸಾಫ್ಟ್‌ವೇರಿನಲ್ಲೇ ಬೇರೆ ಮಾಡಿ ಮಾರ್ತಾರೆ." ಒಪ್ಪಬೇಕಾದ ಮಾತು. ಹಾಗಾದ್ರೆ ಬಿಟ್ಟ ಜಾಗದಲ್ಲಿ ಎರಡು ಥರ ಇದೆ ಅಂತಾಯ್ತು. ಒಂದು ವ್ಯಾಪಾರದ್ದು, ಅದರ ಬಗ್ಗೆ ನನಗೆ ಮರುಕ ಇಲ್ಲ. ಇನ್ನೊಂದು ಬದುವಿನ ಥರದ್ದು. ಹೊರಗಿನಿಂದ ನೋಡಿದ್ರೆ ಎರಡೂ ಒಂದೇ ಥರ ಕಾಣ್ತವೆ, ಕೋಷ್ಟಕದಲ್ಲಿ ಎರಡೂ ಬರೀ ಅಂಕಿ. ಬೇರೆ ಮಾಡೋದು ಹೇಗೆ?

ನನಗೆ ತೋಚಿರೋ ಪರೀಕ್ಷೆ ಒಂದೇ. ಎಡವಟ್ಟಾದ್ರೆ ದಂಡ ಕಟ್ಟೋರು ಯಾರು?

ಟೈಮಿಂಗ್ ಮುಂಚೆ ಮಾಡೋದಕ್ಕೆ 'ಅಡ್ವಾನ್ಸ್' ಅಂತಾರೆ. ನಮ್ಮೂರಿನಲ್ಲಿ ಅಡ್ವಾನ್ಸ್ ಅಂದ್ರೆ ಮುಂಗಡ. ಸೊಪ್ಪು ಮಾರೋ ಮೊದಲೇ ತಗೊಂಡ ದುಡ್ಡು. ಮುಂಗಡ ತಗೊಳ್ಳೋದು ತಪ್ಪಲ್ಲ, ಆದ್ರೆ ಯಾರಾದ್ರೂ ತೀರಿಸಲೇಬೇಕು. ನಾನೇ ತಗೊಂಡು ನಾನೇ ತೀರಿಸೋದಾದ್ರೆ ಅದು ನನ್ನ ಇಷ್ಟ. ರೇಸ್ ಟ್ರ್ಯಾಕಿನಲ್ಲಿ ತನ್ನ ಎಂಜಿನ್ ತಾನೇ ಒಡ್ಕೊಂಡು ತಾನೇ ಕಟ್ಟಿಕೊಳ್ಳೋನ ಬಗ್ಗೆ ನನ್ನ ತಕರಾರು ಏನೂ ಇಲ್ಲ. ಆದ್ರೆ ರೀಮ್ಯಾಪ್ ಮಾಡಿಸಿದವರಲ್ಲಿ ಕೆಲವರು ಸರ್ವಿಸಿಗೆ ಬಿಡೋ ಹಿಂದಿನ ದಿನ ಹಳೇ ಫೈಲ್ ವಾಪಸ್ ಹಾಕಿ, ವಾರಂಟಿ ಉಳಿಸಿಕೊಳ್ತಾರೆ. ಕಾರು ಮಾರೋವಾಗ "ಸಿಂಗಲ್ ಓನರ್, ಫುಲ್ ಕಂಪನಿ ಸರ್ವಿಸ್" ಅಂತ ಬರೀತಾರೆ, ಮಿಕ್ಕಿದ್ದು ಬರೆಯಲ್ಲ. ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ ನಿಜ. ಆದ್ರೆ ನನ್ನ ಮಾತು ಕಲಮಿನದಲ್ಲ. ಮುಚ್ಚಿಡಬೇಕು ಅನ್ನಿಸಿದ ಕ್ಷಣವೇ ಗೊತ್ತಾಗುತ್ತೆ, ಆ ಡಿಗ್ರಿಯಲ್ಲಿ ಬೇರೆಯವರ ಪಾಲಿದೆ ಅಂತ. ಇವನು ಮುಂಗಡ ತಗೊಂಡ, ಸೆಕೆಂಡ್ ಹ್ಯಾಂಡ್ ಕೊಂಡ ಯಾವುದೋ ಮೇಷ್ಟ್ರು ತೀರಿಸ್ತಾರೆ.

ಎಂಜಿನ್ನಿನ ಚರಿತ್ರೆಯಲ್ಲಿ ಇದರ ಬಹುದೊಡ್ಡ ಉದಾಹರಣೆ ಇದೆ. ನೂರು ವರ್ಷದ ಹಿಂದೆ ಎಂಜಿನ್ನಿನ ಶಕ್ತಿ ಏರಿಸೋಕೆ ಅಡ್ಡ ನಿಂತಿದ್ದು ಇದೇ ನಾಕಿಂಗ್. 1921ರಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ನ ಥಾಮಸ್ ಮಿಜ್ಲಿ, ಪೆಟ್ರೋಲಿಗೆ ಟೆಟ್ರಾಈಥೈಲ್ ಲೆಡ್ ಅನ್ನೋ ಸೀಸದ ಸಂಯುಕ್ತ ಚೂರು ಸೇರಿಸಿದ್ರೆ ನಾಕಿಂಗ್ ನಿಲ್ಲುತ್ತೆ ಅಂತ ಕಂಡುಹಿಡಿದರು. ಆಲ್ಕೋಹಾಲ್ ಕೂಡ ಆ ಕೆಲಸ ಮಾಡುತ್ತೆ ಅಂತ ಅವರಿಗೆ ಗೊತ್ತಿತ್ತು, ಆದ್ರೂ ಗೆದ್ದಿದ್ದು ಸೀಸ. 1924ರಲ್ಲಿ ನ್ಯೂಜೆರ್ಸಿಯ ಒಂದು ರಿಫೈನರಿಯಲ್ಲಿ ಅದನ್ನ ತಯಾರಿಸ್ತಿದ್ದ ಐದು ಕಾರ್ಮಿಕರು ಭ್ರಮೆ ಹಿಡಿದು ಸತ್ತರು. ಆದ್ರೂ ಮಾರಾಟ ಮುಂದುವರೀತು. ಎಂಜಿನ್ನಿನ ಸದ್ದು ಅಡಗಿತು, ಟೈಮಿಂಗ್ ಮುಂದೆ ಹೋಯ್ತು, ಕಾರುಗಳು ಜೋರಾಗಿ ಓಡಿದವು. ದಂಡ ಕಟ್ಟಿದ್ದು ರಸ್ತೆ ಪಕ್ಕ ಉಸಿರಾಡಿದ ಮಕ್ಕಳ ರಕ್ತ ಮತ್ತು ಮಿದುಳು. ಕಾರಿನ ಮುಖವನ್ನೇ ಹತ್ತಿರದಿಂದ ನೋಡದ ಮಕ್ಕಳೂ ಅವರಲ್ಲಿದ್ದರು.

ಇದು ದೂರದ ಕತೆ ಅಲ್ಲ. ಸೀಸದ ವಿಷ ತಡೆಯೋ ಬಗ್ಗೆ 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಅಂತಾರಾಷ್ಟ್ರೀಯ ಸಮ್ಮೇಳನ ನಡೆದಿತ್ತು. ನಮ್ಮ ದೇಶದ ಬಂಕುಗಳಿಂದ ಸೀಸದ ಪೆಟ್ರೋಲ್ ಪೂರ್ತಿ ಹೋಗಿದ್ದು 2000ದಲ್ಲಿ. ಜಗತ್ತಿನ ಕೊನೆಯ ದೇಶ ಅಲ್ಜೀರಿಯಾ ನಿಲ್ಲಿಸಿದ್ದು 2021ರಲ್ಲಿ. ಈ ಪುಸ್ತಕ ಓದ್ತಿರೋ ನನ್ನ ವಯಸ್ಸಿನವರು, ಬಸ್ ಸ್ಟ್ಯಾಂಡ್ ಹತ್ತಿರದ ಶಾಲೆಯಲ್ಲಿ ಓದಿದ್ರೆ, ಯಾರದೋ ಮುಂಗಡಕ್ಕೆ ಒಂದಿಷ್ಟು ಕಂತು ಕಟ್ಟಿದ್ದೀವಿ ಅಂತಲೇ ಅರ್ಥ. ತಮಾಷೆ ನೋಡಿ, ಇವತ್ತು ಬಂಕಿನಲ್ಲಿ ಪೆಟ್ರೋಲಿಗೆ ಬೆರೆತು ನಾಕಿಂಗ್ ತಡೀತಿರೋದು ಅವತ್ತು ಬದಿಗಿಟ್ಟಿದ್ದ ಅದೇ ಆಲ್ಕೋಹಾಲ್, ಎಥೆನಾಲ್.

ಹಾಗಂತ ಯಾರೂ ಯಾವತ್ತೂ ಟೈಮಿಂಗ್ ಮುಟ್ಟಬಾರದು ಅಂತಲ್ಲ. ಡಿಸ್ಟ್ರಿಬ್ಯೂಟರ್ ಇದ್ದ ಕಾಲದಲ್ಲಿ ಹುಣಸೂರಿನ ಮಡಿಕೇರಿ ರಸ್ತೆಯ ಗ್ಯಾರೇಜಿನವರು ದಿನಾ ಮುಟ್ಟುತ್ತಿದ್ದರು. ಎಂಜಿನ್ ಓಡ್ತಿರುವಾಗಲೇ ಒಂದು ನಟ್ ಸಡಿಲ ಮಾಡಿ, ಡಿಸ್ಟ್ರಿಬ್ಯೂಟರನ್ನ ಕೈಯಲ್ಲಿ ಮೆಲ್ಲಗೆ ತಿರುಗಿಸ್ತಾ ಕಿವಿ ಕೊಟ್ಟು ಕೇಳೋರು. ಆಮೇಲೆ ಏರಿನಲ್ಲಿ ಟಾಪ್ ಗೇರಿನಲ್ಲಿ ಎಳೆಸಿ ನೋಡಿ, ಸಣ್ಣಗೆ ಟಿಕ್ ಟಿಕ್ ಅಂದ್ರೆ ವಾಪಸ್ ಬಂದು ಕೂದಲಷ್ಟು ಹಿಂದಕ್ಕೆ. ಆದ್ರೆ ನಟ್ ಸಡಿಲ ಮಾಡೋ ಮುಂಚೆ ಬಾಡಿಗೆ ಕಾರಿನ ಡ್ರೈವರನ್ನ ಕೇಳ್ತಿದ್ದ ಪ್ರಶ್ನೆಗಳು ನನಗೆ ಮುಖ್ಯ ಅನ್ನಿಸ್ತವೆ. "ಯಾವ ಕಡೆ ಓಡಿಸ್ತೀಯಪ್ಪ, ಮೈಸೂರಿಗೋ ಘಾಟಿಗೋ? ಎಷ್ಟು ಜನ ಕೂರಿಸ್ತೀಯ? ಎಣ್ಣೆ ಎಲ್ಲಿ ಹಾಕಿಸ್ತೀಯ?" ಕೊನೇದು ಸುಮ್ಮನೆ ಕೇಳಿದ್ದಲ್ಲ, ಸೀಮೆಎಣ್ಣೆ ಬೆರೆಸಿದ ಪೆಟ್ರೋಲ್ ಬೇಗ ನಾಕ್ ಮಾಡುತ್ತೆ. ಅವರೂ ಬದುವಿನ ಕಡೆ ಒಂದು ಹೆಜ್ಜೆ ಇಡ್ತಿದ್ದರು. ಆದ್ರೆ ಆ ಕಡೆ ಹೊಲದಲ್ಲಿ ಯಾರಿದ್ದಾರೆ ಅಂತ ಕೇಳಿಕೊಂಡು ಇಡ್ತಿದ್ದರು. ಮೇಲಾಗಿ ಎಡವಟ್ಟಾದ್ರೆ ಅದೇ ಕಾರು, ಅದೇ ಡ್ರೈವರು ವಾರದಲ್ಲಿ ಅದೇ ಗ್ಯಾರೇಜಿನ ಮುಂದೆ ಬಂದು ನಿಲ್ಲೋದು ಗ್ಯಾರಂಟಿ. ಇವತ್ತು ಫೈಲ್ ಬರೆದೋನು ಯಾವುದೋ ದೇಶದಲ್ಲಿ, ಹಾಕಿದೋನು ಬೆಂಗಳೂರಿನಲ್ಲಿ, ಘಾಟಿ ಹತ್ತೋನು ಇನ್ನೆಲ್ಲೋ. ಮೂರೂ ಜನ ಒಬ್ಬರಿಗೊಬ್ಬರು ಸಿಗೋದೇ ಇಲ್ಲ.

ನಮ್ಮ ಕೆಲಸಗಳೂ ಹೀಗೇ ಆಗಿವೆ ಅಲ್ವಾ? ನಾನು ಬರೆದ ಕೋಡ್ ಯಾರ ಫೋನಿನಲ್ಲಿ, ಯಾವ ನೆಟ್‌ವರ್ಕಿನಲ್ಲಿ ಓಡುತ್ತೋ ನಾನು ನೋಡಲ್ಲ. ಟೆಸ್ಟಿಂಗಿಗೆ ಅಂತ ಇಟ್ಟ ಒಂದು ವಾರವನ್ನ ಮ್ಯಾನೇಜರ್ 'ಬಫರ್' ಅಂತ ಕರೆದ ದಿನವೇ ಅದರ ಆಯಸ್ಸು ಮುಗೀತು. ಡೆಲಿವರಿ ಹುಡುಗನ ಹತ್ತು ನಿಮಿಷದಲ್ಲಿ, ಆಸ್ಪತ್ರೆಯಲ್ಲಿ ಒಬ್ಬ ನರ್ಸಿಗೆ ಇಷ್ಟು ಹಾಸಿಗೆ ಅನ್ನೋ ಲೆಕ್ಕದಲ್ಲಿ, ನಮ್ಮ ನಿದ್ದೆಯಲ್ಲಿ, ಎಲ್ಲಾ ಕಡೆ ಯಾರೋ ಒಬ್ಬರು ಮೂರು ಡಿಗ್ರಿ ಕಂಡುಹಿಡೀತಾರೆ. ಡ್ಯಾಶ್‌ಬೋರ್ಡಿನಲ್ಲಿ ಅಂಕಿ ಏರುತ್ತೆ, ಚಪ್ಪಾಳೆ ಬೀಳುತ್ತೆ. ನಾಕಿಂಗ್ ಕೇಳಿಸೋದು ಅಂಕಿ ಇಲ್ಲದ ಜಾಗದಲ್ಲಿ.

ಅದಕ್ಕೆ ನನ್ನ ಉತ್ತರ ಇಷ್ಟು. ಬಿಟ್ಟ ಜಾಗವನ್ನ ಮುಟ್ಟಬಹುದು, ಮೂರು ಷರತ್ತಿನ ಮೇಲೆ. ದಂಡ ಬಂದ್ರೆ ಕಟ್ಟೋನು ನಾನೇ ಆಗಿರಬೇಕು. ಮುಂದಿನವರಿಗೆ ಬಾಯಿಬಿಟ್ಟು ಹೇಳೋ ಹಾಗಿರಬೇಕು. ಮತ್ತೆ ಢಣ್ ಅಂದ್ರೆ ನನಗೆ ಕೇಳಿಸೋ ಹಾಗಿರಬೇಕು, ಕೇಳಿಸಿದ ಕೂಡಲೇ ಒಂದೇ ಏಟಿಗೆ ಹಿಂದೆ ಸರಿಯೋ ಮನಸ್ಸೂ ಇರಬೇಕು. ಮೂರರಲ್ಲಿ ಒಂದು ತಪ್ಪಿದ್ರೂ ಆ ಡಿಗ್ರಿ ನಮ್ಮದಲ್ಲ. ಇಎಂಐ ಕಟ್ಟಿ ಮುಗಿಸಿದ ಮೇಲೂ ಅಲ್ಲ.